ಬಾಗುವ ಕೋಲಿಗೆ ನಾನು ಸುತ್ತಿದ ದಾರ

ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಒಂದು ಕರಿ ರಬ್ಬರಿನ ಬಿಲ್ಲೆ ಇರುತ್ತಿತ್ತು. ಅಂಗೈಯಷ್ಟು ಅಗಲ, ಒಂದು ಬೆರಳು ದಪ್ಪ, ಕೈಗೆತ್ತಿಕೊಂಡರೆ ಕಲ್ಲಿನ ಹಾಗೆ. ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ ಅದನ್ನು ನೋಡಿ ಫ್ರಿಜ್ಜಿನ ಬಾಗಿಲು ಹಿಡಿದೇ ನಿಂತುಬಿಟ್ಟಳು.

"ಇದೇನ್ರೀ ಯವ್ವಾ? ಬೆಲ್ಲದ ಅಚ್ಚೇನು?"

"ತಿಂದು ನೋಡ್ರಿ. ಹಲ್ಲು ಉಳದ್ರ ಹೇಳ್ರಿ," ಎಂದೆ.

ಅದರ ಹೆಸರು ಪಕ್. ಬರ್ಫಿನ, ಅಂದರೆ ಮಂಜುಗಡ್ಡೆಯ, ಮೇಲೆ ಆಡುವ ಹಾಕಿಯಲ್ಲಿ ಚೆಂಡಿನ ಬದಲು ಅದನ್ನು ಹೊಡೆಯುತ್ತಾರೆ. ರಾಯಚೂರಿನಲ್ಲಿ ನಾನು ಬರ್ಫ ನೋಡಿದ್ದು ಮೂರೇ ಕಡೆ: ಸೋಡಾ ಅಂಗಡಿಯಲ್ಲಿ, ಮೀನಿನ ಮಾರ್ಕೆಟ್ಟಿನಲ್ಲಿ, ಊರಿಂದ ನೆಂಟರು ಬರುವ ತನಕ ಇಟ್ಟುಕೊಂಡ ಹೆಣದ ಕೆಳಗೆ. ಅದರ ಮೇಲೆ ಆಟ ಆಡುತ್ತಾರೆ ಎಂದು ನನ್ನ ಮೊಮ್ಮಗಳು ಹೇಳಿದಾಗ ನಾನು ನಂಬಲಿಲ್ಲ. ಆಮೇಲೆ ಮೊಬೈಲಿನಲ್ಲಿ ತೋರಿಸಿದಳು. ದಪ್ಪ ಬಟ್ಟೆ ತೊಟ್ಟವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಬಿಲ್ಲೆ ಮಾತ್ರ ನನ್ನ ಕಣ್ಣಿಗೆ ಬೀಳಲೇ ಇಲ್ಲ, ಅಷ್ಟು ಜೋರು.

ಅವಳು ಮೊದಲು ಆಡುತ್ತಿದ್ದದ್ದು ಚಕ್ರದ ಬೂಟು ಹಾಕಿಕೊಂಡು, ಶಾಲೆಯ ಸಿಮೆಂಟಿನ ಅಂಗಳದಲ್ಲಿ. ಡ್ರಿಲ್ ಕಲಿಸುವ ಮೇಡಂ ಅವಳ ಕಾಲು ನೋಡಿ, ಈ ಹುಡುಗಿ ಬರ್ಫಿನ ಮೇಲೂ ನಿಲ್ಲುತ್ತಾಳೆ ಅಂದರು. ಉತ್ತರದ ಹಿಮದ ಬೆಟ್ಟದಲ್ಲಿ ಒಂದು ತಿಂಗಳ ಶಿಬಿರ ಇತ್ತು. ಈ ಕಡೆಯ ಇಬ್ಬರು ಹುಡುಗಿಯರನ್ನು ಆರಿಸಿ ಕಳಿಸುವವರಿದ್ದರು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಅದೇ ಕೊನೆಯ ಸಲ. ಓಡುವುದರಲ್ಲಿ, ತಿರುಗುವುದರಲ್ಲಿ ಅವಳು ಪಾಸಾಗಿಬಿಟ್ಟಿದ್ದಳು. ಉಳಿದದ್ದು ಹೊಡೆಯುವುದು. ಗೋಲಿಗೆ ನಾಲ್ಕು ತೂತಿನ ದಪ್ಪ ಬಟ್ಟೆ ಕಟ್ಟಿರುತ್ತಾರೆ. ದೂರದ ಗೆರೆಯಿಂದ ಹತ್ತು ಸಲ ಹೊಡೆದರೆ ಆರು ಸಲವಾದರೂ ಪಕ್ ತೂತಿನಲ್ಲಿ ಹೋಗಬೇಕು. ಮೇಡಂ ಅವಳಿಗೆಂದೇ ಹುಡುಕಿ ತರಿಸಿದ ಒಂದೇ ಒಂದು ಬರ್ಫಿನ ಹಾಕಿಯ ಕೋಲನ್ನೂ ಒಂದು ಪಕ್ಕನ್ನೂ ಅವಳ ಕೈಗೆ ಕೊಟ್ಟು, ಮಾನ್ವಿಯ ಹುಡುಗಿಯರಿಗೆ ಕಲಿಸಲು ಹದಿನೈದು ದಿನ ಅತ್ತ ಹೋದರು.

ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ ಮಾಡುವುದು ನಮ್ಮ ಕೆಲಸ. ನಾನು ಹುಟ್ಟಿದ್ದು ಕುರ್ಡಿಯಲ್ಲಿ, ಕೊಟ್ಟದ್ದು ದೇವದುರ್ಗಕ್ಕೆ, ಮುದುಕಿಯಾದದ್ದು ರಾಯಚೂರಿನಲ್ಲಿ. ಓದಿದ್ದು ನಾಲ್ಕನೇ ತರಗತಿ. ಈಗ ಹತ್ತಿ ಹಿಂಜಲು ಮಗ ಮಿಷನ್ನು ಇಟ್ಟಿದ್ದಾನೆ. ಗಂಟುಗಟ್ಟಿದ ಹಳೇ ಹತ್ತಿಯನ್ನು ಮಿಷನ್ನಿಗೆ ಹಾಕುವ ಮೊದಲು ಕೋಲಿನಿಂದ ಬಡಿದು ಬಿಡಿಸುವ ಕೆಲಸ ಮಾತ್ರ ನನ್ನದು. ಅದಕ್ಕೇ ಅಂಗಳದಲ್ಲಿ ನುಣ್ಣಗಿನ ಪರಸಿ ಹಾಕಿಸಿದ್ದೇವೆ. ಆ ಹಾಸುಗಲ್ಲಿನ ಮೇಲೆ ಪಕ್ ಚೆನ್ನಾಗಿ ಜಾರುತ್ತದೆ ಎಂದು ಅವಳು ಅಲ್ಲೇ ಅಭ್ಯಾಸ ಶುರು ಮಾಡಿದಳು. ಯಾರೋ ಬಿಟ್ಟುಹೋದ ಹಳೇ ಗಾದಿಯನ್ನು ಗೋಡೆಗೆ ಒರಗಿಸಿ, ಸುಣ್ಣದಲ್ಲಿ ನಾಲ್ಕು ಬಟ್ಟು ಇಟ್ಟಳು. ಅದೇ ಗೋಲು.

ಮೊದಲ ದಿನವೇ ನಾನು ಕೇಳಿದೆ, ಇದನ್ನು ಫ್ರಿಜ್ಜಿನಲ್ಲಿ ಯಾಕೆ ಇಡುತ್ತಿ ಎಂದು. ಅವಳಿಗೆ ನಾನು ದಾದಿ, ಅಪ್ಪನ ಅವ್ವ.

"ದಾದಿ, ರಬ್ಬರ್ ಬೆಚ್ಚಗಾದ್ರ ಪುಟೀತದ. ನಮ್ಮೂರ ಬಿಸಿಲಿಗಂತೂ ಕಪ್ಪಿ ಹಂಗ ಕುಣೀತದ. ತಣ್ಣಗಿದ್ರ ನೆಲಾ ಹಿಡಕೊಂಡು ನೆಟ್ಟಗ ಹೋಗ್ತದ."

"ಹಂಗಾರ ನಿಮ್ಮಪ್ಪನ್ನೂ ಸ್ವಲ್ಪ ಹೊತ್ತು ಒಳಗಿಡು. ಮಧ್ಯಾಹ್ನ ಆದ್ರ ಭಾಳ ಪುಟೀತಾನ."

ಮಗ ಒಳಗಿನಿಂದ, "ಕೇಳಸ್ತದ ನನಗ," ಎಂದ.

ಅವಳು ಹೊಡೆಯುವುದನ್ನು ನಾನು ಹತ್ತಿ ಬಿಡಿಸುತ್ತಾ ನೋಡುತ್ತಿದ್ದೆ. ಕೋಲಿನ ತುದಿಯಲ್ಲಿ ಚಪ್ಪಟೆ ಅಲಗು. ಅದು ಅಂಗೈ ಮಡಚಿದ ಹಾಗೆ ಸ್ವಲ್ಪ ಡೊಂಕು. ಪಕ್ ಆ ಡೊಂಕಿನಲ್ಲಿ ಹಿಮ್ಮಡಿ ಕಡೆಯಿಂದ ತುದಿಯ ಕಡೆಗೆ ಉರುಳಿಕೊಂಡು ಬಿಡುತ್ತದೆ. ಹಾಗೆ ಉರುಳಿದ್ದಕ್ಕೇ ಅದು ಗಿರಗಿರ ತಿರುಗುತ್ತಾ ಹೋಗುತ್ತದೆ. ತಿರುಗುವ ಬಗರಿ ಬೀಳುವುದಿಲ್ಲವಲ್ಲ, ಹಾಗೇ ತಿರುಗುವ ಪಕ್ ಗಾಳಿಯಲ್ಲಿ ಓಲಾಡುವುದಿಲ್ಲ. ಇದನ್ನೂ ಅವಳೇ ಹೇಳಿದ್ದು. ಹೊಡೆಯುವಾಗ ಬರೀ ಕೈ ಆಡಿಸಿದರೆ ಸಾಲದು, ಹಿಂದಿನ ಕಾಲಿನ ಮೇಲಿದ್ದ ಮೈಭಾರವನ್ನೆಲ್ಲ ಮುಂದಿನ ಕಾಲಿಗೆ ತರಬೇಕು. ನೋಡಲು ಚೆನ್ನಾಗಿತ್ತು. ಗಾದಿಗೆ ಪಕ್ ಬಡಿದ ಸದ್ದಿಗೆ ಕೋಳಿಗಳು ಓಡಿಹೋಗುತ್ತಿದ್ದವು.

ಆದರೆ ಒಂದು ನನಗೆ ಸರಿ ಕಾಣಲಿಲ್ಲ. ಹೊಡೆಯುವಾಗ ಕೋಲು ಬಾಗುತ್ತಿತ್ತು. ನಡುವಿಗೆ ಬಿಲ್ಲಿನ ಹಾಗೆ ಬಳುಕಿ ಮತ್ತೆ ನೆಟ್ಟಗಾಗುತ್ತಿತ್ತು. ಇಂದಲ್ಲ ನಾಳೆ ಮುರಿಯುತ್ತದೆ ಅಂದುಕೊಂಡೆ. ಮೇಡಂ ನಂಬಿ ಕೊಟ್ಟ ಕೋಲು, ಇನ್ನೊಂದು ಇಲ್ಲ. ಮುರಿದರೆ ಹುಡುಗಿಯ ಶಿಬಿರವೂ ಅದರ ಜೊತೆಗೇ ಹೋಯಿತು.

ಹಿಂದೆ ನಮ್ಮ ಮನೆಯಲ್ಲಿ ಹತ್ತಿ ಹಿಂಜುವ ಬಿಲ್ಲು ಸೀಳಿದರೆ ಎಸೆಯುತ್ತಿರಲಿಲ್ಲ. ಎರಡೂ ಮಗ್ಗುಲಿಗೆ ಬಿದಿರಿನ ದಬ್ಬೆ ಕೂಡಿಸಿ, ಹುಣಸೆಬೀಜ ಅರೆದು ಕುದಿಸಿದ ಅಂಟಿನಲ್ಲಿ ದಾರ ನೆನೆಸಿ, ಒತ್ತೊತ್ತಾಗಿ ಸುತ್ತಿ ಒಣಗಿಸುತ್ತಿದ್ದರು. ಆನೆ ತುಳಿದರೂ ಅಲುಗುತ್ತಿರಲಿಲ್ಲ. ಅವಳು ಶಾಲೆಗೆ ಹೋದ ಹೊತ್ತಿನಲ್ಲಿ ನಾನು ಆ ಕೋಲಿಗೆ ಅದನ್ನೇ ಮಾಡಿದೆ. ಮೂರು ತಾಸು ಕೂತು ಸುತ್ತಿದೆ. ಬಿಸಿಲಿಗಿಟ್ಟೆ. ಸಂಜೆಗೆ ಅದು ಕಬ್ಬಿಣದ ಸಲಾಕೆಯಾಗಿತ್ತು.

ಅವಳು ಬಂದು ನೋಡಿದಳು. ಕೋಲನ್ನು ನೆಲಕ್ಕೂರಿ ಒತ್ತಿದಳು.

"ಹೆಂಗದ?" ಎಂದೆ.

"ಗಟ್ಟಿ ಅದ ದಾದಿ."

"ಇನ್ನ ನಿನ್ನ ಮೊಮ್ಮಕ್ಕಳ ತನಕ ಬರ್ತದ."

"ಹ್ಞೂಂ," ಎಂದಳು.

ಆವತ್ತಿನಿಂದ ಅವಳ ಹೊಡೆತ ಸತ್ತುಹೋಯಿತು. ಪಕ್ ಗಾದಿಯ ತನಕ ಹೋಗುತ್ತಿತ್ತು, ಆದರೆ ಹೋಗಿ ಕಾಲು ಮುಟ್ಟಿ ಸಲಾಂ ಮಾಡಿದ ಹಾಗೆ ಬಿದ್ದುಬಿಡುತ್ತಿತ್ತು. ಮೇಲಿನ ಎರಡು ಬಟ್ಟಿಗೆ ಏಳುತ್ತಲೇ ಇರಲಿಲ್ಲ. ಅವಳು ಬೆಳಿಗ್ಗೆ ಬೇಗ ಎದ್ದು ನೂರು ಸಲ ಹೊಡೆದಳು. ಸಂಜೆ ಬಂದು ಮತ್ತೆ ಹೊಡೆದಳು. ನಾಲ್ಕನೇ ದಿನಕ್ಕೆ ಬಲಗೈ ಮಣಿಕಟ್ಟು ಬಾತಿತು. ನಾನು ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದೆ. ಹಚ್ಚುವಾಗ ಸುಮ್ಮನೆ ಹಚ್ಚಲಿಲ್ಲ.

"ಉಣ್ಣು ಅಂದ್ರ ಎರಡು ರೊಟ್ಟಿಗೆ ಏಳ್ತಿ. ಬಲ ಎಲ್ಲಿಂದ ಬರಬೇಕು? ಗಾಳಿಯಿಂದೇನು?"

ಮಗನೂ ಸೇರಿಕೊಂಡ. "ಹುಡುಗಿ ಕೈಯಾಗ ಕಸುವಿಲ್ಲವ್ವ. ಅಲ್ಲಿ ಗಂಡಸರಂಥ ಹುಡುಗ್ಯಾರು ಬಂದಿರ್ತಾರ."

ಹೌದೌದು ಅಂದೆ. ಅಂದದ್ದನ್ನು ಇಲ್ಲಿ ಮುಚ್ಚಿಟ್ಟರೆ ಈ ಬರಹ ಬರೆದು ಪ್ರಯೋಜನ ಇಲ್ಲ. ಅವಳು ತಲೆ ತಗ್ಗಿಸಿ ಮೂರನೇ ರೊಟ್ಟಿ ತಿಂದಳು. ನಾಲ್ಕನೆಯದನ್ನೂ ತಿಂದಳು. ಆ ದಿನದಿಂದ ನಮ್ಮ ಮನೆಯಲ್ಲಿ ಅವಳ ನಗು ಕೇಳಲಿಲ್ಲ.

ಹೊಡೆಯುವ ಪರೀಕ್ಷೆಗೆ ಮೂರು ದಿನ ಇತ್ತು. ಬೆಳಿಗ್ಗೆ ಶಾಲೆಗೆ ಹೊರಡುವಾಗ ಅವಳು ಹೊಸ್ತಿಲಲ್ಲಿ ನಿಂತು ಹೇಳಿದಳು: "ದಾದಿ, ಸಂಜಿಗೆ ಮೇಡಂಗೆ ಫೋನ್ ಮಾಡಿ, ನಾ ಬರಂಗಿಲ್ಲ ಅಂತೀನಿ. ಬ್ಯಾರೆ ಯಾರರ ಹೋಗ್ಲಿ."

"ನಿನ್ನ ಖುಷಿ," ಎಂದೆ.

ಅವತ್ತೇ ಹಿರೇಕೊಟ್ನೆಕಲ್ಲಿನಿಂದ ಒಬ್ಬ ರೈತ ಮಗಳ ಮದುವೆಗೆಂದು ಎರಡು ಹಳೇ ಗಾದಿ ತಂದು ಹಾಕಿ ಹೋಗಿದ್ದ. ಬಿಚ್ಚಿದರೆ ಒಳಗೆ ಹತ್ತಿ ಅಲ್ಲ, ಹೆಂಟೆ. ಬಡಿಯಲು ಕೂತೆ. ನಾನು ಬಡಿಯುವುದು ಲಕ್ಕಿ ಗಿಡದ ಸಣ್ಣ ಕೋಲುಗಳಿಂದ. ಕಾಲುವೆಯ ದಂಡೆಯಲ್ಲಿ ಬೆಳೆಯುತ್ತದೆ, ಹಸಿಯಿದ್ದಾಗ ಬುಟ್ಟಿ ಹೆಣೆಯುತ್ತಾರೆ, ಅಷ್ಟು ಬಳುಕುತ್ತದೆ. ಹುಡುಕಿದರೆ ಕೋಲು ಎರಡೂ ಇಲ್ಲ. ಒಣಕಲು ಕಡ್ಡಿ ಎಂದುಕೊಂಡು ಸೊಸೆ ಒಲೆಗೆ ಹಾಕಿಬಿಟ್ಟಿದ್ದಳು.

"ಹೋಗ್ಲಿ ಬಿಡ್ರಿ ಅತ್ತಿ, ಸೊಳ್ಳಿಪರದಿ ಕೋಲು ಅದಲ್ಲ, ಅದರಿಂದ ಬಡೀರಿ," ಎಂದಳು.

ಅದು ಬಿದಿರಿನದು, ದಪ್ಪ. ತಗೊಂಡು ಬಡಿದೆ. ಹತ್ತಿ ಏಳಲಿಲ್ಲ. ಮತ್ತೂ ಜೋರಾಗಿ ಬಡಿದೆ. ಹತ್ತಿ ಮತ್ತೂ ಅಂಟಿಕೊಂಡಿತು. ಹತ್ತು ಏಟಿಗೆ ನನ್ನ ಮಣಿಕಟ್ಟು ಜುಂ ಎಂದಿತು. ಕೋಲು ಬಿಸಾಕಿ ಕೈ ಹಿಡಿದುಕೊಂಡೆ. ಬಲಗೈ. ಅವಳ ಕೈ ಬಾತ ಜಾಗದಲ್ಲೇ.

ಆಗ ನನಗೆ ನನ್ನ ಅತ್ತೆಯ ದನಿ ಕೇಳಿಸಿತು. ಅವಳು ಸತ್ತು ಬಹಳ ವರ್ಷವಾಯಿತು, ದೆವ್ವದ ಮಾತಲ್ಲ ಇದು. ದೇವದುರ್ಗದ ಮನೆಗೆ ಮದುವೆಯಾಗಿ ಹೋದಾಗ ನಾನು ಹದಿನಾರರ ಹುಡುಗಿ. ಹತ್ತಿ ಬಡಿ ಎಂದು ಒಂದು ಲಕ್ಕಿ ಕೋಲು ಕೊಟ್ಟಳು. ನಾನು ಸಿಟ್ಟೆಲ್ಲ ಸೇರಿಸಿ ಹತ್ತಿಯ ನೆತ್ತಿಗೇ ಬಡಿದೆ. ಅದು ಚಪಾತಿಯಾಯಿತು. ಅತ್ತೆ ನನ್ನ ಮೀನಗಂಡಕ್ಕೆ ಒಂದು ಬಿಟ್ಟಳು.

"ಹತ್ತಿಗೆ ಯಾಕ ಹೊಡಿತಿ ಬೇ? ಅದು ನಿನಗೇನು ಮಾಡ್ಯದ? ನೆಲಕ್ಕ ಹೊಡಿ. ಹತ್ತಿ ತಾನಾ ಏಳ್ತದ."

ಹುಚ್ಚು ಮುದುಕಿ ಅಂದುಕೊಂಡೆ. ಎಂಟು ದಿನ ಬೈಸಿಕೊಂಡ ಮೇಲೆ ಕೈಗೆ ತಿಳಿಯಿತು. ಕೋಲಿನ ತುದಿ ಹತ್ತಿಗಿಂತ ಒಂದು ಗೇಣು ಮೊದಲೇ ಕಲ್ಲಿಗೆ ತಾಗಬೇಕು. ತಾಗಿದ ಕೂಡಲೇ ಕೋಲು ಬಾಗುತ್ತದೆ. ಬಾಗಿದ್ದು ನೆಟ್ಟಗಾಗುವಾಗ ತುದಿ ಹತ್ತಿಯ ಅಡಿಯಲ್ಲಿ ಸುಂಯ್ ಎಂದು ಹಾದು ಅದನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಅರ್ಧ ಕೆಲಸ ಕೋಲಿನದು. ನಾನು ಸರಿಯಾಗಿ ಹೊಡೆದ ದಿನ ಅತ್ತೆ ಶಹಬಾಸ್ ಅನ್ನಲಿಲ್ಲ. ಎದ್ದು ಹೋಗಿ ಎರಡನೇ ಕೋಲು ತಂದು ಎಡಗೈಗೆ ಕೊಟ್ಟಳು. ಅವಳ ಮೆಚ್ಚುಗೆ ಅಂದರೆ ಅಷ್ಟು.

ಐವತ್ತು ವರ್ಷಕ್ಕೂ ಮೇಲೆ ಬಳುಕುವ ಕೋಲಿನಿಂದಲೇ ಅನ್ನ ತಿಂದವಳು ನಾನು. ಮೊಮ್ಮಗಳ ಕೋಲು ಬಳುಕಿದರೆ ಅದನ್ನು ರೋಗ ಎಂದುಕೊಂಡು ಪಟ್ಟಿ ಕಟ್ಟಿದ್ದೆ.

ಎದ್ದು ಹೋಗಿ ಗೋಡೆಗೆ ಒರಗಿಸಿದ್ದ ಹಾಕಿ ಕೋಲನ್ನು ತಂದೆ. ಗಾದಿ ಬಿಚ್ಚುವ ಚೂರಿಯಿಂದ ದಾರ ಕೊಯ್ದೆ. ಚೆನ್ನಾಗಿ ಕೆಲಸ ಕಲಿತವಳ ಗಂಟು ಬಿಚ್ಚುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಸುತ್ತಲು ಮೂರು ತಾಸು, ಬಿಚ್ಚಲು ನಾಲ್ಕು. ದಬ್ಬೆ ಕಿತ್ತೆ, ಬಿಸಿನೀರಿನ ಬಟ್ಟೆಯಿಂದ ಅಂಟು ಒರೆಸಿದೆ. ಎಲ್ಲ ಹೋಗಲಿಲ್ಲ.

ಸಂಜೆ ಅವಳು ಬಂದಾಗ ನಾನು ಮೊದಲು ಕೇಳಿದ್ದು, "ಮೇಡಂಗೆ ಫೋನ್ ಮಾಡಿಯೇನು?"

"ಇನ್ನ ಇಲ್ಲ."

"ಮಾಡಬ್ಯಾಡ. ನಿನ್ನ ಕೈಯಾಗ ಕಸುವಿಲ್ಲ ಅಂದದ್ದು ಸುಳ್ಳು. ಕೋಲು ಕೆಡಿಸಿದಾಕಿ ನಾನು. ಬಿಚ್ಚೀನಿ ನೋಡು."

ಅವಳು ಕೋಲು ನೋಡಿದಳು, ಕೆಳಗೆ ಬಿದ್ದ ದಾರದ ರಾಶಿ ನೋಡಿದಳು. ಕಣ್ಣು ತುಂಬಿತು. ನನಗೆ ಅನುಮಾನ ಬಂತು.

"ನಿನಗ ಗೊತ್ತಿತ್ತೇನು?"

ಅವಳು ಕೋಲಿಗೆ ಉಳಿದ ಅಂಟನ್ನು ಉಗುರಿನಿಂದ ಕೆರೆಯತೊಡಗಿದಳು.

"ಗೊತ್ತಿದ್ರ ಯಾಕ ಬಿಚ್ಚಲಿಲ್ಲ ಬೇ? ಬಾಯಾಗ ನಾಲಿಗಿ ಇರಲಿಲ್ಲೇನು?"

"ನೀ ಅಷ್ಟು ಹೊತ್ತು ಕುಂತು ಸುತ್ತಿದ್ದೆಲ್ಲ ದಾದಿ... ಇನ್ನಷ್ಟು ಜೋರು ಹೊಡದ್ರ ಆಗ್ತದ ಅಂತ ಮಾಡಿದ್ದೆ."

ನನಗೆ ಅವಳ ಮೇಲೆ ಸಿಟ್ಟು ಬಂತು. ಆಮೇಲೆ ಆ ಸಿಟ್ಟು ತಿರುಗಿ ನನ್ನ ಕಡೆಗೇ ಬಂತು. ಹಿರಿಯರು ಮಾಡಿದ್ದಕ್ಕೆ ಎದುರಾಡಬಾರದು ಎಂದು ಅವಳು ಅಂಬೆಗಾಲಿಡುವಾಗಿನಿಂದ ಹೇಳಿಕೊಟ್ಟವಳು ನಾನೇ. ಪಾಠ ಚೆನ್ನಾಗಿ ಕಲಿತಿದ್ದಳು. ಕೈ ಬಾತುಕೊಳ್ಳುವಷ್ಟು ಚೆನ್ನಾಗಿ.

"ಈಗರ ಹೇಳು. ಬಾಗಿದ್ರ ಏನಾಗ್ತದ? ನನ್ನ ಕೈಗೆ ಗೊತ್ತದ, ತಲಿಗೆ ಗೊತ್ತಿಲ್ಲ."

ಅವಳು ಮೂಗು ಒರೆಸಿಕೊಂಡು ಚೀಲದಿಂದ ಪ್ಲಾಸ್ಟಿಕ್ ಅಳತೆಪಟ್ಟಿ ತೆಗೆದಳು. ಅಂಟಿಗೆ ಅರೆದು ಉಳಿದಿದ್ದ ಹುಣಸೆಬೀಜಗಳಲ್ಲಿ ಒಂದನ್ನು ಹೊಸ್ತಿಲ ಮೇಲಿಟ್ಟು, ಪಟ್ಟಿಯನ್ನು ಬೆರಳಿನಿಂದ ಬಗ್ಗಿಸಿ ಬಿಟ್ಟಳು. ಬೀಜ ಅಂಗಳ ದಾಟಿ ಹೋಯಿತು.

"ನೋಡು. ಬಗ್ಗಸಾಕ ನಾ ಹಾಕಿದ ಬಲ ಎಲ್ಲಾ ಪಟ್ಟಿ ಒಳಗ ಕುಂತಿತ್ತು. ನೆಟ್ಟಗಾಗೂವಾಗ ಒಮ್ಮಿಗೇ ಬೀಜಕ್ಕ ಕೊಡ್ತು. ನನ್ನ ಬೆರಳು ಅಷ್ಟು ಜಲ್ದಿ ಹೋಗಂಗಿಲ್ಲ, ಪಟ್ಟಿ ಹೋಗ್ತದ. ಕೋಲೂ ಹಂಗಾ. ಪಕ್ಕಿಗಿಂತ ಸ್ವಲ್ಪ ಹಿಂದ ನೆಲಕ್ಕ ತಾಗಿಸಿ ಒತ್ತಿದ್ರ ಬಾಗ್ತದ. ನನ್ನ ಮೈಭಾರ ಎಲ್ಲಾ ಅದರಾಗ ಕೂಡ್ತದ. ಆಮ್ಯಾಲೆ ಚಿಮ್ಮತದ."

"ಬಾಗಲಿಲ್ಲಂದ್ರ?"

"ನೆಲಕ್ಕ ತಾಗಿದ ಪೆಟ್ಟು ತಿರುಗಿ ಕೈಗೇ ಬರ್ತದ. ಅದಕ್ಕ ನೆಲ ಬಿಟ್ಟು ಸೀದಾ ಪಕ್ಕಿಗೇ ಹೊಡಿಯಾಕತ್ತಿದ್ದೆ. ನನ್ನಂಥ ಹಗುರ ಹುಡುಗೀಗಂತ ಮೇಡಂ ಹುಡುಕಿ ಬಳುಕೋ ಕೋಲಾ ಕೊಟ್ಟಿದ್ರು. ಭಾರ ಇದ್ದವರಿಗೆ ಬಿರುಸು ಕೋಲು."

ನಾನು ಹೊಸ್ತಿಲ ಮೇಲೆ ಕೂತೇ ಇದ್ದೆ. ಅತ್ತೆ ಹೇಳಿದ್ದನ್ನು ಒಂದು ಜೀವಮಾನ ಮಾಡಿದ್ದೆ, ಯಾಕೆ ಎಂದು ಯಾರೂ ಹೇಳಿರಲಿಲ್ಲ. ಅತ್ತೆಗೂ ಗೊತ್ತಿರಲಿಲ್ಲ. ಬಾಗಿದ ಕೋಲಿನಲ್ಲಿ ನನ್ನದೇ ಬಲ ಕೂತಿರುತ್ತದೆ ಎಂದು ಹದಿನೈದರ ಹುಡುಗಿ ಒಂದು ಹುಣಸೆಬೀಜದಲ್ಲಿ ತೋರಿಸಿಬಿಟ್ಟಳು. ಇನ್ನೊಂದು ಸಲ ತೋರಿಸು ಎಂದೆ. ಇನ್ನೊಂದು ಸಲ. ಸೊಸೆ ಬಂದು, "ಅತ್ತಿ, ಅಂಗಳ ಕಸಾ ಹೊಡದೀನಿ ಈಗರ," ಎನ್ನುವ ತನಕ ಬೀಜ ಹಾರಿಸಿದೆವು.

ಆಮೇಲೆ ಅವಳು ಫ್ರಿಜ್ಜಿನಿಂದ ಪಕ್ ತಂದಳು. ಮೊದಲ ಏಟು ಹಳೇ ರೂಢಿಯಲ್ಲಿ ಸೀದಾ ಪಕ್ಕಿಗೇ ಹೊಡೆದಳು.

"ಅದಕ್ಕ ಯಾಕ ಹೊಡಿತಿ ಬೇ?" ಎಂದೆ. "ಅದು ನಿನಗೇನು ಮಾಡ್ಯದ? ನೆಲಕ್ಕ ಹೊಡಿ!"

ಅವಳು ನಕ್ಕುಬಿಟ್ಟಳು. ಎಷ್ಟೋ ದಿನದ ಮೇಲೆ. ನಗುತ್ತಲೇ ಹೊಡೆದದ್ದು ಗಾದಿಯ ಮೇಲಿನ ಮೂಲೆಗೆ ಬಿದ್ದು ಧೂಳೆದ್ದಿತು.

ಮೂರು ದಿನದಲ್ಲಿ ಕೈ ಪೂರ್ತಿ ಇಳಿಯಲಿಲ್ಲ. ಪರೀಕ್ಷೆಯ ಬೆಳಿಗ್ಗೆ ಶಾಲೆಯ ಅಂಗಳಕ್ಕೆ ನಾನೂ ಹೋದೆ, ಕೂರಲು ಒಂದು ಮಡಚಿದ ಗಾದಿ ಹೊತ್ತುಕೊಂಡು. ಹೊರಗಿನಿಂದ ಇಬ್ಬರು ಪರೀಕ್ಷೆ ಮಾಡುವವರು ಬಂದಿದ್ದರು. ಅವರಲ್ಲೊಬ್ಬ ಕೋಲು ಹಿಡಿದು ನೋಡಿ, ಮೂಸಿಯೂ ನೋಡಿದ.

"ಇದಕ್ಕೇನಮ್ಮಾ ಅಂಟು ಅಂಟು? ಹುಣಸೆಬೀಜದ ವಾಸನೆ!"

"ನಮ್ಮ ದಾದಿ ರಿಪೇರಿ ಮಾಡಿದ್ರು ಸರ್," ಎಂದಳು.

ಮೇಡಂ ತಿರುಗಿ ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ.

ಮೊದಲ ಎರಡು ಹೊಡೆತ ತೂತಿನ ಹೊರಗೆ ಬಿದ್ದವು. ಮೂರನೆಯದಕ್ಕೆ ಮೊದಲು ಅವಳು ಕೈ ಜಾಡಿಸಿಕೊಂಡಳು. ನೋಯುತ್ತಿದೆ ಎಂದು ನನಗೆ ತಿಳಿಯಿತು. ಅದು ನಾನು ಕೊಟ್ಟ ನೋವು. ಅವಳು ಹಿಂದಿನ ಕಾಲಿಗೆ ಭಾರ ಹಾಕಿದಳು, ಕೋಲು ನೆಲಕ್ಕೆ ತಾಗಿತು, ಬಾಗಿತು. ಅದು ಬಾಗುವುದನ್ನು ನೋಡಿ ಇಷ್ಟು ಸಂತೋಷವಾಗುತ್ತದೆ ಎಂದು ಹದಿನೈದು ದಿನದ ಹಿಂದೆ ಯಾರಾದರೂ ಹೇಳಿದ್ದರೆ ಬೈದು ಕಳಿಸುತ್ತಿದ್ದೆ. ಪಕ್ ತೂತಿನಲ್ಲಿ ಹೋಯಿತು. ಮುಂದಿನ ನಾಲ್ಕೂ ಹೋದವು. ಎಂಟನೆಯದು ತಪ್ಪಿತು. ಒಂಬತ್ತು, ಹತ್ತು ಒಳಗೆ. ನಾನು ಬೆರಳು ಮಡಚಿ ಇಟ್ಟುಕೊಂಡಿದ್ದೆ. ಏಳು.

ಹೆಸರು ಕೂಗಿದಾಗ ಅವಳು ಮೇಡಂ ಕಡೆ ಹೋಗದೆ ನನ್ನ ಕಡೆ ಓಡಿಬಂದು ಗಾದಿಯ ಮೇಲೆ ಬಿದ್ದಳು. ಎದ್ದೇಳು, ಹೊಲಿಗೆ ಬಿಚ್ಚುತ್ತದೆ ಎಂದೆ.

ನಾನು ದೊಡ್ಡ ಮಾತು ಆಡುವವಳಲ್ಲ. ಆದರೆ ಆವತ್ತು ಮನೆಗೆ ಬಂದು ನಮಾಜಿಗೆ ಕೂತಾಗ ಕೈ ಎತ್ತಿ ಮೂವರಿಗೆ ದುವಾ ಮಾಡಿದೆ. ಮೀನಗಂಡಕ್ಕೆ ಹೊಡೆದು ಕಲಿಸಿದ ಅತ್ತೆಗೆ. ಹಗುರ ಹುಡುಗಿಗೆ ಬಳುಕುವ ಕೋಲು ಹುಡುಕಿದ ಮೇಡಂಗೆ. ಕೋಲು ಒಲೆಗೆ ಹಾಕಿದ ಸೊಸೆಗೆ. ಅವಳು ಹಾಕದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಸೊಸೆಗೆ ಇದನ್ನು ಹೇಳಿಲ್ಲ. ಹೇಳಿದರೆ ಹೊಸ ಕೋಲುಗಳನ್ನೂ ಹಾಕಿಬಿಡುತ್ತಾಳೆ.

ಮೊಮ್ಮಗಳಿಗೆ ಒಂದೇ ಮಾತು ಹೇಳಿದೆ: "ಇನ್ನ ಮ್ಯಾಲೆ ನಾ ತಪ್ಪು ಮಾಡಿದ್ರ ಮುಖಕ್ಕ ಹೇಳು. ನಾ ಬೈತೀನಿ. ಬೈಸ್ಕೋ. ಆದ್ರೂ ಹೇಳು."

ಹಿಮದ ಬೆಟ್ಟಕ್ಕೆ ಹೋಗಲು ಅವಳಿಗೊಂದು ರಜಾಯಿ ಹೊಲಿಯುತ್ತಿದ್ದೇನೆ. ಮಾನ್ವಿ ಕಡೆಯ ಹೊಸ ಹತ್ತಿ, ಹೊಸ ಲಕ್ಕಿ ಕೋಲಿನಿಂದ ನಾನೇ ಬಡಿದದ್ದು. ನಿನ್ನೆ ಮೂಲೆಗಳಿಗೆ ಹತ್ತಿ ತುಂಬುತ್ತಿದ್ದಾಗ ಅವಳು ಬಂದು ಎದುರಿಗೆ ನಿಂತಳು.

"ದಾದಿ, ಹತ್ತಿ ಭಾಳಾತು. ಇದು ಬ್ಯಾಗಿನಾಗ ಹಿಡಿಯಂಗಿಲ್ಲ."

"ನನಗ ರಜಾಯಿ ಹೊಲಿಯೋದು ಕಲಸ್ತಿಯೇನು?"

"ಬೈಯಿ. ಆದ್ರ ಭಾಳಾತು."

ಎರಡು ಹಿಡಿ ಹತ್ತಿ ತೆಗೆದೆ. ಅವಳು ಅತ್ತ ಹೋದ ಮೇಲೆ ಒಂದು ಹಿಡಿ ವಾಪಸ್ಸು ಹಾಕಿದೆ.